ಅವನು ‘ಫೆನುವಾ’ ಅಂದದ್ದು

“ಏಯ್, ಗುದ್ದಲಿ ಕೆಳಗಿಡು!”

ಮೆರೆಯಾನಾ ಬೆಚ್ಚಿ ತಿರುಗಿದಳು. ಗುಡ್ಡದ ಮೇಲಿನ ಮರದಡಿ ಅವಳು ಕೆಂಪು ಮಣ್ಣು ಅಗೆಯುತ್ತಿದ್ದಳು. ಎದುರಿಗೆ ರಬ್ಬರ್ ಬೂಟಿನ ರಾವಿರಿ, ಈ ಗುಡ್ಡದಲ್ಲಿ ದನ ಸಾಕುವವನು. ಅವನ ಕಣ್ಣಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು!

“ಇದು ನನ್ನ ಫೆನುವಾ!”

ಫೆನುವಾ ಅಂದರೆ ನೆಲ. ತನ್ನ ಹಿರಿಯರ ಮಾವೋರಿ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದುದೇ ನಾಲ್ಕಾರು ಪದ, ಅದರಲ್ಲಿ ಇದೂ ಒಂದು.

“ನಿನ್ನದಾ? ಗುಡ್ಡ ನಮ್ಮ ಕುಲದವರೆಲ್ಲರದ್ದು ಅಂತ ಊರಿಗೆ ಹಿರಿಯರಾದ ಹುಯಾ ಆಂಟಿಯೇ ಹೇಳಿದಾರೆ. ನಿನಗೊಬ್ಬನಿಗೇ ಯಾರು ಬರೆದುಕೊಟ್ರು?”

ಅವನು ಅವಳು ಅಗೆದ ಗುಂಡಿಯನ್ನು ನೋಡಿದ. “ಸಿಡ್ನಿಯಲ್ಲಿ ಬೆಳೆದವಳಿಗೆ ಏನಂತ ಹೇಳೋದು!” ಎಂದು ಹೊರಟೇ ಹೋದ.

ಆ ಮಾತು ಅವಳ ಎದೆಗೆ ನಾಟಿತು. ಅಪ್ಪ ಅಮ್ಮ ತೀರಿಕೊಂಡ ಮೇಲೆ, ತನ್ನವರ ಊರು ಇದೇ ಎಂದು ಸಮುದ್ರ ದಾಟಿ ಹೊಕಿಯಾಂಗಾಕ್ಕೆ ಬಂದವಳು ಅವಳು. ಇಲ್ಲಿಯೂ ಹೊರಗಿನವಳೇ... ಹಟಕ್ಕೆ ಬಿದ್ದು ಆ ಮಣ್ಣನ್ನು ಹೊತ್ತೊಯ್ದಳು.

ಕುರಿ ಉಣ್ಣೆ ಕತ್ತರಿಸುವ ಹಳೆಯ ಕೊಟ್ಟಿಗೆಯಲ್ಲಿ ಅವಳ ಕಲಾಕೃತಿ ಸಿದ್ಧವಾಗುತ್ತಿತ್ತು. ನೆಲದ ತುಂಬ ಊರಿನ ಮಣ್ಣು. ಕಪ್ಪು ಬಳಿದ ತಗಡಿನ ಮಾಡಿಗೆ ಮೊಳೆ ಹೊಡೆದು ತೂತು ಮಾಡಿದ್ದಳು. ಹಗಲ ಬೆಳಕು ಅವುಗಳಿಂದ ನಕ್ಷತ್ರವಾಗಿ ಇಳಿಯುತ್ತಿತ್ತು. ಬಂದವರು ಮಣ್ಣಿಗೆ ಬೆನ್ನು ಕೊಟ್ಟು ಮಲಗಿ ಆಕಾಶ ನೋಡಬೇಕು, ಅಷ್ಟೇ.

ಕೆಲಸ ಮುಗಿಯುವ ಮೊದಲೇ ಬಂದು ಮಲಗಿದ ಊರವರೆಲ್ಲ ತಮ್ಮ ಹಿರಿಯರನ್ನು ನೆನೆದು ಅಳುತ್ತಾ ಏಳುತ್ತಿದ್ದರು. ಅವಳೊಬ್ಬಳಿಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ. ಎಂಥಾ ಒಂಟಿತನ ಅದು! ರಾವಿರಿಯಂತೂ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದ. ‘ಜಮೀನಿನ ಜಂಬ!’ ಎಂದು ಬೈದುಕೊಳ್ಳುತ್ತಲೇ ಅವಳ ಕಣ್ಣು ಅವನನ್ನೇ ಹುಡುಕುತ್ತಿತ್ತು.

ಒಂದು ದಿನ ಜಗಳದ ಸಂಗತಿ ಕೇಳಿ ಹುಯಾ ಆಂಟಿ ತೊಡೆ ತಟ್ಟಿಕೊಂಡು ನಕ್ಕರು.

“ಅಯ್ಯೋ ಹುಚ್ಚಿ! ಅವನು ಜಮೀನು ಅಂದಿಲ್ಲ ಕಣೇ! ನಮ್ಮಲ್ಲಿ ನೆಲಕ್ಕೂ ಫೆನುವಾ, ಹೆರಿಗೆಯಾದಾಗ ಬೀಳೋ ಮಾಸಿಗೂ ಫೆನುವಾ. ಮಾಸು ಹೂತ ನೆಲಾನೇ ಆ ಮಗುವಿನ ಊರು ಅಂತೀವಿ. ಅವನದ್ದನ್ನ ಆ ಮರದ ಬುಡದಲ್ಲೇ ಹೂತಿದ್ದು.” ಆಂಟಿಯ ನಗು ನಿಂತಿತು. “ಅವನನ್ನ ಹೆತ್ತ ಮೇಲೆ ಅವರಮ್ಮ ಉಳೀಲಿಲ್ಲ. ಅವನಿಗೆ ತಾಯಿ ಅಂತ ಇರೋದು ಆ ಜಾಗ ಒಂದೇ.”

ಮೆರೆಯಾನಾಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅದರ ಹಿಂದೆಯೇ ಇನ್ನೊಂದು ಯೋಚನೆ... ‘ನನ್ನದು ಎಲ್ಲಿದೆ?’

ಸಿಡ್ನಿಯ ಆಸ್ಪತ್ರೆಯವರು ಎಸೆದಿರಬೇಕು. ಅವಳನ್ನು ಹಿಡಿದಿಟ್ಟುಕೊಳ್ಳುವ ನೆಲ ಎಲ್ಲೂ ಇರಲಿಲ್ಲ.

ಸಂಜೆ ಅವಳು ಬಕೆಟ್ಟಿನಲ್ಲಿ ಮಣ್ಣು ತಂದು ಮರದ ಬುಡಕ್ಕೆ ಸುರಿಯುತ್ತಿದ್ದಾಗ ರಾವಿರಿ ಬಂದ.

“ಏನ್ ಮಾಡ್ತಿದೀಯ?”

“ವಾಪಸ್ ಕೊಡ್ತಿದೀನಿ. ನನಗೆ ಗೊತ್ತಿರ್ಲಿಲ್ಲ ರಾವಿರಿ... ಕ್ಷಮಿಸಿಬಿಡು. ನಾಳೆ ಸಿಡ್ನಿಗೆ ಹೋಗ್ತೀನಿ.”

“ಅಲ್ಲಿ ಯಾರಿದಾರೆ?”

“ಯಾರೂ ಇಲ್ಲ! ನಂದು ಯಾವ ಕಸದ ತೊಟ್ಟಿಗೆ ಹೋಯ್ತೋ ಗೊತ್ತಿಲ್ಲ. ನನಗೆ ಊರು ಅನ್ನೋದೇ ಇಲ್ಲ ಕಣೋ...” ಅವಳು ಬಿಕ್ಕಿದಳು.

ಅವನು ಪಕ್ಕದಲ್ಲಿ ಕುಳಿತ. “ನೀನಿಲ್ಲದಾಗ ಕೊಟ್ಟಿಗೆಗೆ ಬಂದಿದ್ದೆ, ಬೈದು ಹೋಗೋಣ ಅಂತ. ಆದ್ರೆ ಮಲಗಿದೆ ನೋಡು... ಬೆನ್ನ ಕೆಳಗೆ ಅಮ್ಮ, ಮೇಲೆ ನಕ್ಷತ್ರ. ಹುಟ್ಟಿದಾಗಿಂದ ಅಷ್ಟು ನೆಮ್ಮದಿಯಾಗಿ ಮಲಗಿರ್ಲಿಲ್ಲ.”

“ಮತ್ತೆ ಮುಖ ಯಾಕೆ ತಿರುಗಿಸ್ತಿದ್ದೆ?”

“ನೋಡಿದ್ರೆ ‘ಇಲ್ಲೇ ಇದ್ದುಬಿಡು’ ಅಂದುಬಿಡ್ತೀನೇನೋ ಅಂತ ಭಯ.”

ಅವಳು ಅವನತ್ತ ತಿರುಗಿದಳು. “ಯಾವ ಹಕ್ಕಿನಿಂದ ಇರಲಿ?”

“ಮುಂದೆ ನಮಗೊಂದು ಮಗು ಆಗುತ್ತಲ್ಲ... ಅದರ ಫೆನುವಾ ಇಲ್ಲೇ ಹೂಳೋಣ. ಅದು ನಿನ್ನ ಮೈಯಿಂದಲೇ ತಾನೇ ಬರೋದು? ಆಮೇಲೆ ನಿನ್ನನ್ನ ಹೊರಗಿನವಳು ಅನ್ನೋರು ಯಾರು?”

ಅವಳು ಅಳುತ್ತಲೇ ನಕ್ಕಳು. “ಇನ್ನೂ ಕೈ ಕೂಡ ಹಿಡಿದಿಲ್ಲ, ಆಗಲೇ ಮಗು ಮಾತು!”

“ಹಾಗಾದ್ರೆ ಈಗ ಹಿಡೀಲಾ?”

“ಮಣ್ಣಾಗಿದೆ...”

“ಆಗಲಿ ಬಿಡೇ,” ಎಂದು ಅವನು ಹಿಡಿದೇಬಿಟ್ಟ.