ಎರಡು ನಿಮಿಷ ನಲವತ್ತು ಸೆಕೆಂಡು

ನಮ್ಮ ಪರಿಚಯವಾದದ್ದು ಜಗಳದಿಂದ. ಒಬ್ಬನೇ ದಾನಿಯ ಮೂಳೆಮಜ್ಜೆಯಿಂದ ತೆಗೆದ ಕಾಂಡಕೋಶಗಳನ್ನು ಎರಡು ಪಾಲು ಮಾಡಿ, ಒಂದನ್ನು ನನ್ನ ಲ್ಯಾಬಿಗೂ ಇನ್ನೊಂದನ್ನು ಮೇಲಿನ ಮಹಡಿಯ ಅವಳ ಲ್ಯಾಬಿಗೂ ಕೊಟ್ಟಿದ್ದರು. ವಿಧಾನದ ಹಾಳೆ ಒಂದೇ. ಆದರೂ ಅವಳ ಕೋಶಗಳು ಸೊಂಪಾಗಿ ಬೆಳೆದವು; ನನ್ನವು ಅರ್ಧಕ್ಕರ್ಧ ಸತ್ತವು. ತಿಂಗಳೊಳಗೆ ಎರಡೂ ಕಡೆ ಒಂದೇ ಫಲ ಬಾರದಿದ್ದರೆ ಸಂಶೋಧನೆಯನ್ನೇ ನಿಲ್ಲಿಸುವುದಾಗಿ ಮುಖ್ಯಸ್ಥರು ಹೇಳಿಬಿಟ್ಟರು.

ನಾನು ಮೆಟ್ಟಿಲು ಹತ್ತಿ ಹೋದೆ.

“ಹಾಳೇಲಿ ಇರೋದನ್ನೇ ಮಾಡ್ತೀರಾ, ಇಲ್ಲ ಮನಸ್ಸಿಗೆ ಬಂದ ಹಾಗೆ ಮಾಡ್ತೀರಾ?”

ನನ್ನ ಕೈಗಡಿಯಾರವನ್ನೂ ಕೊರಳಿನ ಸ್ಟಾಪ್‌ವಾಚನ್ನೂ ಅವಳು ಒಮ್ಮೆ ನೋಡಿದಳು. “ಬನ್ನಿ ಗಡಿಯಾರ ಸಾಹೇಬ್ರೇ, ಸ್ಟೂಲ್ ಎಳ್ಕೊಳ್ಳಿ. ಕಳ್ಳತನ ಹಿಡಿಯೋ ತನಕ ಏಳೋ ಹಾಗಿಲ್ಲ.”

ಮೂರು ದಿನ ಕೂತೆ. ದ್ರವ ಬೆಚ್ಚಗಾಗಲು ಬಿಟ್ಟ ಹೊತ್ತು, ಫ್ಲಾಸ್ಕನ್ನು ಎಷ್ಟು ಸಲ ತಟ್ಟಿದಳು, ಎಲ್ಲ ಬರೆದುಕೊಂಡೆ. ಮಾಸ್ಕಿನ ಮೇಲಿನ ಆ ಎರಡು ಕಣ್ಣುಗಳನ್ನು ಬರೆದುಕೊಳ್ಳಬೇಕಾಗಲಿಲ್ಲ.

ತಳಕ್ಕೆ ಅಂಟಿದ ಕೋಶಗಳನ್ನು ಬಿಡಿಸಲು ಒಂದು ದ್ರವ ಹಾಕುತ್ತೇವೆ. ‘ಕೋಶಗಳು ಬಿಡುವ ತನಕ ಕಾಯಿರಿ’ ಎಂದಷ್ಟೇ ಹಾಳೆಯಲ್ಲಿತ್ತು. ನಾನು ಯಾವುದಕ್ಕೂ ಇರಲಿ ಎಂದು ಹತ್ತು ನಿಮಿಷ ಕಾಯುತ್ತಿದ್ದೆ. ಅವಳು ಗಡಿಯಾರದ ಕಡೆ ನೋಡುತ್ತಲೇ ಇರಲಿಲ್ಲ. ಮಾಸ್ಕ್ ಮಾತ್ರ ಸಣ್ಣಗೆ ಅಲುಗುತ್ತಿತ್ತು.

“ಏನ್ರೀ ಅದು ಗೊಣಗೋದು?”

ಅವಳ ಕಿವಿ ಕೆಂಪಾಯಿತು. “ಪ್ರಾರ್ಥನೆ. ಅಮ್ಮ ಹೇಳ್ಕೊಟ್ಟಿದ್ದು. ಅದು ಮುಗಿದ ತಕ್ಷಣ ದ್ರವ ತೆಗೀತೀನಿ. ಯಾರಿಗೂ ಹೇಳ್ಬೇಡಿ, ನಗ್ತಾರೆ.”

“ಇನ್ನೊಂದ್ಸಲ ಹೇಳಿ.”

ಸ್ಟಾಪ್‌ವಾಚ್ ಒತ್ತಿದೆ. ಎರಡು ನಿಮಿಷ ನಲವತ್ತು ಸೆಕೆಂಡು. ಮತ್ತೆ ಹೇಳಿಸಿದೆ, ಆಗಲೂ ಅಷ್ಟೇ. ನನ್ನ ಕೋಶಗಳು ಆ ದ್ರವದಲ್ಲಿ ಹೆಚ್ಚು ಹೊತ್ತು ನೆನೆದೇ ಸತ್ತಿದ್ದವು. ನಾಲ್ಕನೆಯ ಸಲ ಕೇಳಿದಾಗ ಅವಳು ನನ್ನ ಕೊರಳಿನತ್ತ ಬೆರಳು ತೋರಿಸಿದಳು.

“ಸಾಹೇಬ್ರೇ, ಈ ಸಲ ನೀವು ಗುಂಡಿನೇ ಒತ್ತಿಲ್ಲ.”

“ಕೇಳೋಕೆ ಚೆನ್ನಾಗಿತ್ತು, ಅದಕ್ಕೇ...”

“ದಿನಾ ಕೇಳ್ಬೇಕು ಅಂದ್ರೆ ಹೋಗಿ ನಮ್ಮಮ್ಮನ್ನ ಕೇಳಿ.”

ಆ ಅವಧಿಯನ್ನು ಹಾಳೆಯಲ್ಲಿ ಸೇರಿಸಿದೆವು. ನನ್ನ ಕೋಶಗಳೂ ಬದುಕಿದವು, ಕೆಲಸವೂ ಉಳಿಯಿತು. ನಾನು ಅವಳ ಅಮ್ಮನನ್ನು ಕೇಳಿದೆ. ಆಮೇಲೆ ಮೂವತ್ತೆಂಟು ವರ್ಷ ಪ್ರತಿದಿನ ಬೆಳಗ್ಗೆ ಆ ಪ್ರಾರ್ಥನೆಯನ್ನು ಕೇಳಿದೆ.

ಅವಳು ದೇವರ ಪಾದ ಸೇರಿ ಐದು ತಿಂಗಳಾಯಿತು. ಆ ಹಾಳೆಯನ್ನು ಈಗ ಹಲವು ಲ್ಯಾಬುಗಳಲ್ಲಿ ಬಳಸುತ್ತಾರೆ. ಎರಡು ನಿಮಿಷ ನಲವತ್ತು ಸೆಕೆಂಡು ಎಲ್ಲಿಂದ ಬಂತೆಂದು ಯಾರೂ ಕೇಳಿಲ್ಲ. ಯಾರಿಗೂ ಹೇಳಬೇಡಿ ಎಂದಿದ್ದಳು, ನಾನೂ ಇದುವರೆಗೆ ಹೇಳಿರಲಿಲ್ಲ.

ಬೆಳಗ್ಗೆ ಅದನ್ನೀಗ ನಾನೇ ಹೇಳುತ್ತೇನೆ. ಎರಡು ಕಡೆ ನಿಲ್ಲಿಸಿ ಮತ್ತೆ ಶುರುಮಾಡುತ್ತೇನೆ, ಅವಳಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಎಷ್ಟೆಂದು ಗೊತ್ತಿಲ್ಲ. ಗಡಿಯಾರ ಬಿಚ್ಚಿಟ್ಟೇ ಕೂರುತ್ತೇನೆ.