ಮೀಟರಿಗೆ ಗೊತ್ತಾಗದ ಸಕ್ಕರೆ

“ಸಾವಿರದ ಹದಿನೆಂಟು!”

ಅಂಬರೀನ್ ಮೀಟರನ್ನು ನೀರಿನಿಂದ ಎತ್ತಿ ಗೆಳೆಯ ವೇಣುಗೋಪಾಲನ ಮೂಗಿನ ಹತ್ತಿರ ಹಿಡಿದಳು. ನೀರಿಗೆ ಬೆರೆಸಿದ ಗೊಬ್ಬರ ಎಷ್ಟಿದೆ ಎಂದು ತೋರಿಸುವ, ಪೆನ್ನಿನಷ್ಟು ಉದ್ದದ ಮೀಟರ್ ಅದು. ತುದಿಯಿಂದ ನೀರು ತೊಟ್ಟಿಕ್ಕಿ ಅವನ ಅಂಗಿಯ ಮೇಲೆ ಬಿತ್ತು.

“ನೋಡಪ್ಪ, ನೀನೇ ನೋಡು. ಊಟ ಏನೂ ಕಮ್ಮಿ ಆಗಿಲ್ಲ.”

“ಸರಿ ಕಣೆ. ಊಟ ಅಷ್ಟೊಂದಿದ್ರೆ ಇವು ಯಾಕೆ ಹಿಂಗೆ ಜ್ವರ ಬಂದೋರ ಥರ ಕೂತಿವೆ?”

ವೇಣು ಕೇಳಿದ್ದರಲ್ಲಿ ತಪ್ಪೇನಿಲ್ಲ. ತಾರಸಿಯ ಮೇಲೆ ಉದ್ದಕ್ಕೂ ಮಲಗಿದ್ದ ಬಿಳಿ ಪೈಪುಗಳ ತೂತುಗಳಲ್ಲಿ ಪಾಲಕ್ ಗಿಡಗಳು ನಿಂತಿದ್ದವು. ಹೋದ ವಾರ ಕಡು ಹಸಿರಾಗಿದ್ದವು. ಈಗ ಎಲೆಯ ನರಗಳು ಮಾತ್ರ ಹಸಿರು, ನಡುವೆಯೆಲ್ಲ ಹಳದಿ.

ಇವು ಅಂಬರೀನಳದೇ ಗಿಡಗಳಾಗಿದ್ದರೆ ಅವಳು ಇಷ್ಟು ಹೆದರುತ್ತಿರಲಿಲ್ಲ. ಇವು ಅವಳ ಅಮ್ಮಿಯ ಗಿಡಗಳು.

ಅಮ್ಮಿ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತು, ಪೈಪು ಜೋಡಿಸಿ, ಕೆಳಗೊಂದು ಡ್ರಮ್ ಇಟ್ಟು, ಪುಟ್ಟ ಮೋಟರು ಕೂರಿಸಿ ಮಾಡಿದ ತೋಟ ಇದು. ಒಂದು ಹಿಡಿ ಮಣ್ಣೂ ಇಲ್ಲ. ಬೇರುಗಳು ನೀರಿನಲ್ಲೇ ಇಳಿಬಿದ್ದಿರುತ್ತವೆ. ಆ ನೀರಿಗೆ ಬೆರೆಸುವ ಗೊಬ್ಬರವೇ ಗಿಡಗಳ ಊಟ. “ಮಣ್ಣಿಲ್ದೆ ಸೊಪ್ಪು ಬೆಳೀತಾಳಂತೆ!” ಎಂದು ಚಿಂತಾಮಣಿಯ ಅವರ ಬೀದಿಯಲ್ಲಿ ನಕ್ಕವರೇ ಹೆಚ್ಚು. ನಕ್ಕವರೆಲ್ಲ ಆಮೇಲೆ ಒಂದೊಂದು ಕಟ್ಟು ಪಾಲಕ್ ಕೇಳಿಕೊಂಡು ಬಂದರು, ಅದು ಬೇರೆ ಮಾತು.

ಈಗ ಅಮ್ಮಿ ಶಿಡ್ಲಘಟ್ಟದಲ್ಲಿದ್ದಳು. ಅಲ್ಲಿರುವ ಖಾಲಾಗೆ, ಅಂದರೆ ಅಮ್ಮಿಯ ತಂಗಿಗೆ, ಪಾಪು ಹುಟ್ಟಿತ್ತು. ಹೊರಡುವಾಗ ಅಮ್ಮಿ ಅಂಬರೀನಳನ್ನು ತಾರಸಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿಕೊಟ್ಟಿದ್ದಳು.

“ಫಿಲ್ಟರ್ ನೀರನ್ನೇ ಹಾಕ್ಬೇಕು. ಎ ಬಾಟ್ಲಿ ಗೊಬ್ಬರ ಅಳತೆಯಷ್ಟು, ಬಿ ಬಾಟ್ಲಿ ಅಳತೆಯಷ್ಟು. ಎರಡನ್ನೂ ಒಂದಕ್ಕೊಂದು ನೇರವಾಗಿ ಸೇರಿಸ್ಬೇಡ, ಹಾಲು ಒಡೆದ ಹಾಗಾಗುತ್ತೆ. ಮೀಟರು ಸಾವಿರದ ಹತ್ರ ಬಂತು ಅಂದ್ರೆ ನಿಲ್ಲಿಸು. ಜಾಸ್ತಿ ಆದ್ರೆ ಬೇರು ಸುಟ್ಟುಹೋಗುತ್ತೆ.”

“ಈ ಡ್ರಾಪ್ಸು?”

“ಅದು ಹುಳಿ ನೋಡೋಕೆ. ಚಿಕ್ಕ ಗಾಜಿನ ಟ್ಯೂಬಲ್ಲಿ ನೀರು ತಗೊಂಡು ಎರಡು ತೊಟ್ಟು ಬಿಡು. ನಿಂಬೆಹಣ್ಣಿನ ಬಣ್ಣ ಬಂದ್ರೆ ಸರಿ. ನೀಲಿಗೆ ಹೋದ್ರೆ ಹುಳಿ ಸಾಲ್ದು ಅಂತ. ಆಗ ಊಟ ಮುಂದೆ ಇದ್ರೂ ಗಿಡಕ್ಕೆ ತಿನ್ನೋಕಾಗಲ್ಲ. ಅಬ್ಬಾಗೆ ಹೇಳು, ಆ ಹುಳಿ ಬಾಟ್ಲಿ ಅಬ್ಬಾನೇ ಹಾಕ್ಲಿ. ನೀನು ಮುಟ್ಬೇಡ.”

ಕೊನೆಗೆ ಅಮ್ಮಿ ಅವಳ ಕೆನ್ನೆ ಹಿಂಡಿದ್ದಳು. “ಖಾಲಾನ ಪಾಪು ಸಮೇತ ಕರ್ಕೊಂಡು ಬರ್ತೀನಿ. ಬಾಣಂತಿಗೆ ಪಾಲಕ್ ಒಳ್ಳೇದು. ಅಷ್ಟು ಹೊತ್ತಿಗೆ ಕುಯ್ಯೋ ಹಾಗಿರ್ಬೇಕು. ನಿನ್ನ ಮೇಲೆ ಬಿಟ್ಟಿದ್ದೀನಿ ಬೇಟಾ.”

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಬೀದಿಯ ಕೊನೆಯಲ್ಲಿದ್ದ ಫಿಲ್ಟರ್ ನೀರಿನ ಘಟಕ ಕೆಟ್ಟು ನಿಂತಿತು. ಕಾಯಿನ್ ಹಾಕಿದರೆ ನುಂಗಿಕೊಂಡು ಸುಮ್ಮನಿರುತ್ತಿತ್ತು. ಕುಡಿಯುವುದಕ್ಕೆ ಅಬ್ಬಾ ತಾವು ಕೆಲಸ ಮಾಡುವ ಟೊಮೆಟೊ ಮಂಡಿ ಕಡೆಯಿಂದ ಒಂದು ಕ್ಯಾನ್ ತರುತ್ತಿದ್ದರು, ಅಷ್ಟೆ. ಇತ್ತ ಬಿಸಿಲು ಜೋರು, ಡ್ರಮ್ಮಿನಲ್ಲಿ ತಳ ಕಾಣುತ್ತಿತ್ತು. ಅಂಬರೀನ್ ತಾರಸಿಯ ನಲ್ಲಿಗೆ ಪೈಪು ಸಿಕ್ಕಿಸಿ ಬೋರ್ ನೀರನ್ನೇ ತುಂಬಿಸಿಬಿಟ್ಟಳು.

ಮೀಟರ್ ಅದ್ದಿ ನೋಡಿದರೆ ಆಗಲೇ ಸಾವಿರ! ಎ ಬೇಡ, ಬಿ ಬೇಡ. ಅಂಬರೀನಳಿಗೆ ಖುಷಿಯೋ ಖುಷಿ.

ಸಂಜೆ ಫೋನಿನಲ್ಲಿ ಅಮ್ಮಿ ಕೇಳಿದಳು. “ಮೀಟರ್ ಎಷ್ಟು ಬೇಟಾ?”

“ಸಾವಿರದ ಹತ್ತು.”

“ಸಾಕು ಸಾಕು. ಇನ್ನೇನೂ ಹಾಕ್ಬೇಡ.”

ಯಾವ ನೀರು ಎಂದು ಅಮ್ಮಿ ಕೇಳಲಿಲ್ಲ. ಅಂಬರೀನ್ ಹೇಳಲೂ ಇಲ್ಲ. ಬಚ್ಚಿಟ್ಟಳು ಎಂದಲ್ಲ. ಅದೊಂದು ಹೇಳುವ ವಿಷಯ ಎಂದೇ ಅವಳಿಗೆ ಅನಿಸಿರಲಿಲ್ಲ. ಟ್ಯೂಬಿನ ನೀರು ಮಾತ್ರ ದಿನವೂ ನೀಲಿ. ಸಂಜೆ ಅಬ್ಬಾ ಹುಳಿ ಹಾಕಿದರೆ ಹಳದಿಗೆ ಬರುತ್ತಿತ್ತು, ಬೆಳಿಗ್ಗೆ ನೋಡಿದರೆ ಮತ್ತೆ ನೀಲಿ. “ಬಲೇ ಹಠದ ನೀರು ಇದು” ಎಂದು ಅಬ್ಬಾ ಟೊಮೆಟೊ ಮಂಡಿಗೆ ಓಡುತ್ತಿದ್ದರು. ಟೊಮೆಟೊ ಸೀಜನ್ನಿನಲ್ಲಿ ಅವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ.

“ಅಂಬರೀನ್! ವೇಣು! ಊಟಕ್ಕೆ ಬರ್ರಪ್ಪ, ಆರೋಗುತ್ತೆ!” ಕೆಳಗಿನಿಂದ ದಾದಿ ಕೂಗಿದರು. ದಾದಿ ಎಂದರೆ ಅಬ್ಬಾನ ತಾಯಿ. ಅಮ್ಮಿ ಹೋದಾಗಿನಿಂದ ಅಡುಗೆಯೆಲ್ಲ ಅವರದೇ.

ಇಬ್ಬರೂ ಇಳಿದು ಹೋದರು. ಬಿಸಿ ಬಿಸಿ ಚಪಾತಿ, ಆಲೂಗಡ್ಡೆ ಪಲ್ಯ. ವೇಣು ಮನೆಯಲ್ಲಿ ಊಟ ಮಾಡಿಯೇ ಬಂದಿದ್ದ, ಆದರೂ ಎರಡು ಚಪಾತಿ ಒಳಗೆ ಹೋದವು.

“ದಾದಿ, ನಿಮ್ಮ ಊಟ ಆಯ್ತಾ?” ಅಂಬರೀನ್ ಬಾಯಿ ತುಂಬಿಕೊಂಡೇ ಕೇಳಿದಳು.

“ನಂದಾಯ್ತು, ತಿನ್ನು.”

ದಾದಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಮುಂದೆ ಸ್ಟೀಲ್ ಲೋಟದಲ್ಲಿ ಚಾ, ಒಂದು ಕೈ ಕೆನ್ನೆಗೆ.

“ನಂಗೊಂದು ಡೌಟು” ಎಂದ ವೇಣು, ಕೈ ತೊಳೆಯುತ್ತಾ. “ಆ ಮೀಟರ್ರೇ ಕೆಟ್ಟಿರ್ಬೇಕು. ಸುಮ್ನೆ ಬಾಯಿಗೆ ಬಂದ ನಂಬರ್ ಹೇಳ್ತಿದೆ. ಟೆಸ್ಟ್ ಮಾಡೋಣ.”

“ಹೆಂಗೆ?”

“ಉಪ್ಪು ಹಾಕಣ, ಸಕ್ಕರೆ ಹಾಕಣ. ಏನನ್ನುತ್ತೋ ನೋಡಣ.”

ಅಂಬರೀನ್ ಒಂದು ಲೋಟ ಕುಡಿಯುವ ನೀರು ತಂದಳು. ಮೀಟರ್ ನಲವತ್ತೈದು ತೋರಿಸಿತು. ಒಂದು ಚಮಚ ಉಪ್ಪು ಹಾಕಿ ಕಲಕಿದಳು. ಮೀಟರಿನ ಅಂಕಿಗಳು ಎದ್ದುಬಿದ್ದು ಓಡಿ, ಇನ್ನು ನನ್ನ ಕೈಲಾಗದು ಎಂದು ಬರೀ ಗೀಟು ತೋರಿಸಿ ನಿಂತವು.

“ಕೆಟ್ಟಿಲ್ಲಪ್ಪ, ಚೆನ್ನಾಗೇ ಇದೆ!”

ಇನ್ನೊಂದು ಲೋಟ ನೀರಿಗೆ ಸಕ್ಕರೆ. ವೇಣು ಧಾರಾಳಿ, ನಾಲ್ಕು ಚಮಚ ಸುರಿದ. ಮೀಟರ್ ಅದ್ದಿದರು. ನಲವತ್ತೈದು. ಮತ್ತೆ ಕಲಕಿ ಅದ್ದಿದರು. ಅದೇ ನಲವತ್ತೈದು.

“ಸಕ್ಕರೆ ಹಾಕಿದ್ದೇ ಗೊತ್ತಾಗಿಲ್ಲ ಇದಕ್ಕೆ!” ವೇಣು ಆ ನೀರನ್ನು ಗಟಗಟ ಕುಡಿದುಬಿಟ್ಟ. “ಪಾಯಸದ ಥರ ಇದೆ ಕಣೆ. ಇದಕ್ಕೆ ನಾಲಿಗೇನೇ ಇಲ್ಲ. ಬರೀ ಉಪ್ಪು ಸಿಕ್ಕಿದ್ರೆ ಕುಣಿಯುತ್ತೆ.”

ನಗುತ್ತಿದ್ದ ಅಂಬರೀನ್ ತಟ್ಟನೆ ನಗು ನಿಲ್ಲಿಸಿದಳು. ಏನೋ ಹೊಳೆದಂತಾಯಿತು. ಪಾತ್ರೆ ತೊಳೆಯುವ ಬೋರ್ ನಲ್ಲಿಯ ಹತ್ತಿರ ಹೋಗಿ ಒಂದು ಲೋಟ ಹಿಡಿದಳು. ಅದಕ್ಕೆ ಏನೂ ಹಾಕಲಿಲ್ಲ. ಮೀಟರ್ ಅದ್ದಿದಳು.

ಸಾವಿರದ ಹನ್ನೆರಡು.

“ವೇಣು, ಇದಕ್ಕೆ ನಾವೇನೂ ಹಾಕಿಲ್ವಲ್ಲ.”

ನಲ್ಲಿಯ ಬಾಯಿಯ ಸುತ್ತ ಬಿಳಿ ಪುಡಿ ಗಟ್ಟಿ ಕಟ್ಟಿತ್ತು. ಬಕೆಟ್ಟಿನ ಅಂಚಿಗೂ ಅದೇ. ದಿನವೂ ನೋಡುತ್ತಿದ್ದುದನ್ನು ಅವಳು ಈಗ ಬೆರಳಿನಿಂದ ಕೆರೆದು ನೋಡಿದಳು.

“ಆ ನೀರಲ್ಲಿ ಬೇಳೇನೇ ಬೇಯಲ್ಲ” ಎಂದರು ದಾದಿ ಕೂತಲ್ಲಿಂದಲೇ. “ಕುಡಿದ್ರೆ ಹೊಟ್ಟೆ ಭಾರ, ಅಷ್ಟೇ. ಅದಕ್ಕೇ ನಾನು ಅಡುಗೆಗೆ ಮುಟ್ಟಿಸಲ್ಲ.”

ಅಂಬರೀನಳ ಕಣ್ಣು ತುಂಬಿ ಬಂತು. ಇಷ್ಟು ದಿನ ಅವಳು ಗಿಡಗಳಿಗೆ ಹೊಟ್ಟೆ ತುಂಬ ಊಟ ಕೊಟ್ಟೆ ಎಂದುಕೊಂಡಿದ್ದಳು. ಕೊಟ್ಟಿದ್ದು ಬರೀ ಈ ಬಿಳಿ ಪುಡಿ. ಮೀಟರ್ ತುಂಬಿತ್ತು, ಗಿಡಗಳು ಹಸಿದಿದ್ದವು. ಅಮ್ಮಿಯ ಮುಖ ನೆನಪಾಯಿತು.

ಅವಳು ಅಳುವುದನ್ನು ನೋಡಲಾಗದೆ ವೇಣು ಏನಾದರೂ ತಮಾಷೆ ಮಾಡಬೇಕೆಂದು ಸುತ್ತ ನೋಡಿದ. ದಾದಿಯ ಚಾ ಲೋಟ ಕಂಡಿತು. ಮೀಟರನ್ನು ಅದಕ್ಕೇ ಅದ್ದಿದ.

“ಒಂಬೈನೂರ ಎಂಬತ್ತು! ದಾದಿಗೂ ಹೊಟ್ಟೆ ಫುಲ್!”

“ಅರೆ, ಗಿಡಕ್ಕೆ ಅದ್ದಿದ್ದನ್ನ ನನ್ನ ಚಾಗೆ ಅದ್ದುತ್ತೀಯಾ!” ದಾದಿ ಅವನ ಬೆನ್ನಿಗೊಂದು ಮೆಲ್ಲಗೆ ಕೊಟ್ಟರು. ಕೈ ಎತ್ತಿದಾಗ ಅವರ ಬಳೆಗಳು ಸರ್ರನೆ ಮೊಣಕೈವರೆಗೆ ಜಾರಿದವು.

ಅಂಬರೀನ್ ನಗಲಿಲ್ಲ. ಆ ಬಳೆಗಳನ್ನೇ ನೋಡಿದಳು. ಅವು ಮೊದಲು ಅಷ್ಟು ಸಡಿಲ ಇರಲಿಲ್ಲ. ಒಲೆಯ ಮೇಲೆ ಚಾ ಪಾತ್ರೆ ಇತ್ತು. ಬೆಳಿಗ್ಗೆಯೂ ದಾದಿಯ ಕೈಯಲ್ಲಿ ಇದೇ ಲೋಟ ಇತ್ತು. ನಿನ್ನೆಯೂ ಇತ್ತು.

“ದಾದಿ, ಬೆಳಿಗ್ಗೆ ಏನು ತಿಂದ್ರಿ?”

“ಆಯ್ತು ಅಂದ್ನಲ್ಲ.”

“ಆಯ್ತಾ ಅಂತ ಕೇಳಲಿಲ್ಲ. ಏನು ತಿಂದ್ರಿ ಅಂತ ಕೇಳ್ದೆ.”

ದಾದಿ ಗೋಡೆ ಕಡೆ ನೋಡಿದರು. “ಚಾ ಕುಡಿದೆ.”

“ಈಗ ಮಧ್ಯಾಹ್ನ?”

“ಇದೇ, ಚಾ.”

“ನಿನ್ನೆ?”

ದಾದಿ ಲೋಟವನ್ನು ಪಕ್ಕಕ್ಕೆ ಸರಿಸಿದರು. ಕೆನ್ನೆಯ ಮೇಲಿನ ಕೈ ಅಲ್ಲೇ ಇತ್ತು. ಮೆಲ್ಲಗೆ ಹೇಳಿದರು. “ಹಲ್ಲು ನೋವು ಕಣಮ್ಮ. ಚಪಾತಿ ಅಗಿಯೋಕೆ ಹೋದ್ರೆ ಜೀವ ಹೋಗುತ್ತೆ. ನಿಮ್ಮ ಅಬ್ಬಾಗೆ ಹೇಳಿದ್ರೆ ಮಂಡಿ ಬಿಟ್ಟು ಓಡಿ ಬರ್ತಾನೆ. ನಿಮ್ಮ ಅಮ್ಮಿಗೆ ಗೊತ್ತಾದ್ರೆ ಬಾಣಂತೀನ ಬಿಟ್ಟು ಬಂದ್ಬಿಡ್ತಾಳೆ. ಅವಳು ಬರೋವರೆಗೂ ತಡ್ಕೊಳ್ಳೋಣ ಅಂತ ಸುಮ್ಮನಿದ್ದೆ.”

ಅಂಬರೀನ್ ದಿನವೂ ಕೇಳಿದ್ದಳು, ಆಯ್ತಾ ಎಂದು. ದಿನವೂ ಆಯ್ತು ಎಂದು ಕೇಳಿಸಿಕೊಂಡು ತಟ್ಟೆಗೆ ತಲೆ ತಗ್ಗಿಸಿದ್ದಳು. ಅವಳಿಗೆ ತುಂಬಾ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದಾದಿಯ ಮೇಲೆ ಪ್ರೀತಿ ಉಕ್ಕಿ ಬಂತು.

ಕುಕ್ಕರಿನಲ್ಲಿ ಅಬ್ಬಾಗೆಂದು ಇಟ್ಟಿದ್ದ ಅನ್ನ, ಬೇಳೆಸಾರು ಇತ್ತು. ಅವಳು ಒಂದು ಬಟ್ಟಲಿಗೆ ಹಾಕಿಕೊಂಡು, ತುಪ್ಪ ಬಿಟ್ಟು, ಒಂದು ಅಗುಳೂ ಉಳಿಯದ ಹಾಗೆ ನುಣ್ಣಗೆ ಹಿಸುಕಿದಳು. ವೇಣು ಉಫ್ ಉಫ್ ಎಂದು ಊದಿ ಆರಿಸಿದ. ದಾದಿ ನೋವಿಲ್ಲದ ಕಡೆಗೆ ತುತ್ತು ಸರಿಸಿಕೊಂಡು ನಿಧಾನಕ್ಕೆ ನುಂಗಿದರು. ಒಂದು ತುತ್ತು, ಇನ್ನೊಂದು ತುತ್ತು. ಬಟ್ಟಲು ಖಾಲಿಯಾಗುವವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ.

ಸಂಜೆ ಅಬ್ಬಾ ಬಂದಾಗ ಅಂಬರೀನ್ ಎರಡೂ ಸುದ್ದಿಗಳನ್ನು ಹೇಳಿಬಿಟ್ಟಳು. ಬೈಗುಳಕ್ಕೆ ಕಾದು ನಿಂತಳು. ಅಬ್ಬಾ ಬೈಯಲಿಲ್ಲ. ಮೊದಲು ದಾದಿಯ ಬಾಯಿ ತೆರೆಸಿ ನೋಡಿದರು, ಆಮೇಲೆ ತಮ್ಮ ತಲೆಗೆ ತಾವೇ ಬಡಿದುಕೊಂಡರು.

“ನಾನೂ ದಿನಾ ಹುಳಿ ಹಾಕ್ತಾನೇ ಇದ್ದೆ, ಆ ಸುಣ್ಣದ ನೀರು ಹುಳೀನ ನುಂಗಿ ಬೆಳಿಗ್ಗೆ ನೀಲಿ ಆಗ್ತಾನೇ ಇತ್ತು. ಯಾಕೆ ಅಂತ ಒಂದ್ಸಲ ಯೋಚನೆ ಮಾಡ್ಬಾರ್ದಾ ನಾನು?”

ವೇಣುವಿನ ಮನೆ ಇರುವ ಬೇರೆ ಬೀದಿಯ ಫಿಲ್ಟರ್ ನೀರಿನ ಘಟಕದಿಂದ ಮೊಪೆಡ್ಡಿನಲ್ಲಿ ಕ್ಯಾನುಗಳು ಬಂದವು. ಡ್ರಮ್ ಬಗ್ಗಿಸಿ ಹಳೇ ನೀರು ಚೆಲ್ಲಿದರು. ಹೊಸ ನೀರಿಗೆ ಮೊದಲು ಎ, ಚೆನ್ನಾಗಿ ಕಲಕಿದ ಮೇಲೆ ಬಿ. ಮೀಟರ್ ನಲವತ್ತೈದರಿಂದ ಮೆಲ್ಲಗೆ ಮೇಲಕ್ಕೇರಿತು. ಅಬ್ಬಾ ಹುಳಿ ಹಾಕಿದ ಮೇಲೆ ಟ್ಯೂಬಿನಲ್ಲಿ ನಿಂಬೆಹಣ್ಣಿನ ಬಣ್ಣ ಬಂತು. ಬೆಳಿಗ್ಗೆ ನೋಡಿದಾಗಲೂ ಅದು ಹಾಗೇ ಇತ್ತು.

ಅಮ್ಮಿಗೆ ಫೋನಿನಲ್ಲಿ ಅಂಬರೀನ್ ಎಲ್ಲ ಹೇಳಿದಳು. “ಗಿಡ ಉಳಿಯುತ್ತಾ ಅಮ್ಮಿ?”

“ನಾನೂ ಬರೀ ನಂಬರ್ ಕೇಳ್ದೆ ಅಲ್ವಾ” ಎಂದಳು ಅಮ್ಮಿ. “ಹಳದಿಯಾದ ಎಲೆ ಮತ್ತೆ ಮೊದಲಿನ ಥರ ಆಗಲ್ಲ ಬೇಟಾ. ನಡುವಿಂದ ಬರೋ ಹೊಸ ಎಲೆ ನೋಡ್ತಾ ಇರು.”

ಅಂಬರೀನ್ ನೋಡುತ್ತಲೇ ಇದ್ದಳು. ಸ್ಕೂಲಿಗೆ ಹೋಗುವ ಮುಂಚೆ, ಬಂದ ಮೇಲೆ, ಹೋಮ್‌ವರ್ಕಿನ ನಡುವೆ. ದಾದಿಯ ಕೆಟ್ಟ ಹಲ್ಲನ್ನು ಡಾಕ್ಟರ್ ಕಿತ್ತರು. ದಾದಿ ಅದನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ವೇಣುವಿಗೆ ತೋರಿಸಿ ಹೆದರಿಸಿದರು. ಕೆಲವು ಗಿಡಗಳು ಒಣಗಿಯೇ ಹೋದವು. ಉಳಿದವುಗಳ ನಡುವೆ ಬೆರಳಿನ ಉಗುರಿನಷ್ಟು ಪುಟ್ಟ ಎಲೆಗಳು ಇಣುಕಿದವು.

ಒಂದು ಸಂಜೆ ಅಮ್ಮಿಯ ಫೋನ್ ಬಂದಾಗ ಅಂಬರೀನ್ ತಾರಸಿಯ ಮೇಲೇ ಇದ್ದಳು. ಫೋನನ್ನು ಸ್ಪೀಕರಿಗೆ ಹಾಕಿದಳು.

“ಮೀಟರ್ ಎಷ್ಟು ಬೇಟಾ?”

“ಒಂಬೈನೂರು ಇದೆ. ಆದ್ರೆ ಅದು ಬಿಡು ಅಮ್ಮಿ. ಹೊಸ ಎಲೆ ದೊಡ್ಡದಾಗ್ತಿದೆ. ನರ, ನಡುವೆ, ಅಂಚು, ಎಲ್ಲ ಹಸಿರು!”

ಫೋನಿನ ಆ ಕಡೆ ಪಾಪು ಅಳುವುದು ಕೇಳಿಸಿತು. ಅಮ್ಮಿ ನಗುವುದೂ ಕೇಳಿಸಿತು. “ದಾದೀದು ಊಟ ಆಯ್ತಾ?”

“ಆಯ್ತು ಅಂತ ಹೇಳು!” ಕೆಳಗಿನಿಂದಲೇ ದಾದಿ ಕೂಗಿದರು. ಅವರ ಕಿವಿ ಯಾವಾಗಲೂ ಚುರುಕು.

ಅಂಬರೀನ್ ಫೋನ್ ಹಿಡಿದುಕೊಂಡೇ ಮೆಟ್ಟಿಲಿಳಿದು ಅಡುಗೆಮನೆಗೆ ಹೋಗಿ ದಾದಿಯ ಬಟ್ಟಲಿನೊಳಗೆ ಬಗ್ಗಿ ನೋಡಿದಳು. ದಾದಿ ಸಿಕ್ಕಿಬಿದ್ದವರ ಹಾಗೆ ನಕ್ಕರು.

“ಅರ್ಧ ಆಗಿದೆ ಅಮ್ಮಿ” ಎಂದಳು ಅಂಬರೀನ್. “ಇನ್ನರ್ಧ ಆಗೋವರೆಗೆ ನಾನು ಇಲ್ಲೇ ಕೂತ್ಕೊಂಡಿರ್ತೀನಿ.”

ದಾದಿ ಹೊಸ್ತಿಲ ಮೇಲೆ ಒಂದಿಷ್ಟು ಸರಿದು ಅವಳಿಗೆ ಜಾಗ ಮಾಡಿಕೊಟ್ಟರು.