ತಾಯಲೂರಿನ ಹದಿನಾಲ್ಕು ಮಾತ್ರೆಗಳು

ಡಬ್ಬಿ ಖಾಲಿ. ಹದಿನಾಲ್ಕು ಮಾತ್ರೆ ಉಳಿದಿರಬೇಕಿತ್ತು, ಒಂದೂ ಇರಲಿಲ್ಲ. ರೋಗಿಯ ಮನೆಯಿಂದ ಮರಳಿ ಬಂದ ಆ ಡಬ್ಬಿಯನ್ನು ನರ್ಸ್ ಪದ್ಮಶ್ರೀ ಬೋರಲು ಹಾಕಿ ನೋಡಿದಳು.

ಕೋಲಾರದ ಆಸ್ಪತ್ರೆಯೊಂದರಲ್ಲಿ ಹೊಸ ಔಷಧದ ಪ್ರಯೋಗ ನಡೆಸುವ ತಂಡದವಳು ಆಕೆ. ತಾಯಲೂರಿನ ಮುನಿಕೃಷ್ಣಪ್ಪನ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಯಕೃತ್ತಿಗೂ ಹಬ್ಬಿತ್ತು, ಹಳೆಯ ಔಷಧಗಳೆಲ್ಲ ಸೋತಿದ್ದವು. ಡ್ರಿಪ್ಪಿನಲ್ಲೊಂದು, ಮಾತ್ರೆಯಲ್ಲೊಂದು, ಹೀಗೆ ಎರಡು ಔಷಧ ಕೂಡಿಸಿ ಕೊಡುವ ಈ ಮೊದಲ ಹಂತದ ಪ್ರಯೋಗವೇ ಮುಳುಗುವವನಿಗೆ ಸಿಕ್ಕ ಹುಲ್ಲುಕಡ್ಡಿ. ಮಾತ್ರೆ ಎಲ್ಲಿ ಹೋಯಿತೆಂದು ಸಂಜೆಯೊಳಗೆ ತಿಳಿಯದಿದ್ದರೆ ಅವನನ್ನು ಪ್ರಯೋಗದಿಂದ ಕೈಬಿಡುವುದಾಗಿ ಡಾಕ್ಟರು ಹೇಳಿಬಿಟ್ಟರು.

ಪದ್ಮಶ್ರೀ ಮುಳಬಾಗಿಲಿನ ಸೀತಾರಾಮರಾಯರನ್ನು ಕರೆದುಕೊಂಡು ತಾಯಲೂರಿಗೆ ಓಡಿದಳು. ರಾಯರು ನಿವೃತ್ತ ಕಾಂಪೌಂಡರ್. ಔಷಧದ ತಂಟೆ ಬಿಡಿಸುವುದರಲ್ಲಿ ಆಕೆ ಕಂಡವರಲ್ಲಿ ಅವರನ್ನು ಮೀರಿಸಿದವರಿಲ್ಲ, ಬಾಯಿ ಮಾತ್ರ ಬೇವು.

ನಾಟಿ ಔಷಧಿಯೇ ಸಾಕೆಂದು ಜಗಳವಾಡಿದ್ದ ಮುನಿಕೃಷ್ಣಪ್ಪನ ತಮ್ಮ ಕದಿರೇಶನ ಮೇಲೆ ಎಲ್ಲರ ಕಣ್ಣು. "ಅಮ್ಮತೋಡು, ನಾನು ಮುಟ್ಟಿಲ್ಲ" ಎಂದು ಅವನು ತಾಯಿಯ ಮೇಲೆ ಆಣೆಯಿಟ್ಟ. ಬೆಳಿಗ್ಗೆಯೊಂದು, ರಾತ್ರಿಯೊಂದು ಅಪ್ಪನಿಗೆ ತಪ್ಪದೆ ಕೊಟ್ಟಿದ್ದೇನೆಂದು ಮಗಳು ಶಿವಾನಿ ಚೀಟಿ ತೋರಿಸಿದಳು. ಎರಡು ವಾರಕ್ಕೆ ಇಪ್ಪತ್ತೆಂಟು, ಸರಿ. ಹೆಚ್ಚಿಗೆ ಬೇಕಾದೀತೆಂದು ಕೊಟ್ಟಿದ್ದ ಹದಿನಾಲ್ಕು ಎಲ್ಲಿ?

ಮೊದಲು ಊಟವಾಗಲಿ ಎಂದಳು ಮುನಿಕೃಷ್ಣಪ್ಪನ ಹೆಂಡತಿ ಮುನಿಶಾಮಮ್ಮ. ಪದ್ಮಶ್ರೀಗೆ ಸಿಟ್ಟು ಬಂತು. ಹೊತ್ತು ಜಾರುತ್ತಿರುವಾಗ ಊಟವಂತೆ! ರಾಯರು ಮಾತ್ರ ಅಡುಗೆಮನೆಯನ್ನೇ ನೋಡುತ್ತಿದ್ದರು. ಅಮ್ಮ ನಾಲ್ಕು ದಿನದಿಂದ ಬಿಸಿಮುದ್ದೆ ಮುಟ್ಟುತ್ತಿಲ್ಲ, ಕಟ್ಟುವುದೆಲ್ಲ ತನ್ನ ಪಾಲಿಗೇ ಬಂದಿದೆ ಎಂದು ಶಿವಾನಿ ಗೊಣಗುತ್ತಿದ್ದಳು. ಮುನಿಶಾಮಮ್ಮ ತಣ್ಣೀರಿನ ಚೊಂಬನ್ನೂ ಸೆರಗು ಸುತ್ತಿ ಹಿಡಿದು ತಂದಳು.

ಊಟವಾದ ಮೇಲೆ ರಾಯರು ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದರು. ಕದಿರೇಶ ಎಸೆಯುವವನಾದರೆ ಡಬ್ಬಿಯನ್ನೇ ಎಸೆಯುತ್ತಿದ್ದ, ಅಣ್ಣನ ಪಾಲು ಉಳಿಸಿ ಎಸೆಯುತ್ತಿರಲಿಲ್ಲ. ರೋಗಿಯೇ ಹೆಚ್ಚು ನುಂಗಿದ್ದರೆ ರಕ್ತಪರೀಕ್ಷೆ ಹೇಳುತ್ತಿತ್ತು. ಹದಿನಾಲ್ಕು ದಿನಕ್ಕೆ ಹದಿನಾಲ್ಕು, ಅಂದರೆ ದಿನಕ್ಕೊಂದು ಬೇರೆ ಯಾರದೋ ಹೊಟ್ಟೆ ಸೇರಿದೆ. ಈ ಮಾತ್ರೆಗೆ ಅಂಗೈ ಸುಲಿಯುತ್ತದೆ, ಮುನಿಕೃಷ್ಣಪ್ಪನದೂ ಸುಲಿದಿದೆ ಎಂದು ವಿವರಿಸಿ ಅವರು ತಿರುಗಿದರು.

"ಕೈ ತೋರ್ಸಮ್ಮ."

ಮುನಿಶಾಮಮ್ಮನ ಅಂಗೈ ಕೆಂಪಗೆ ಸುಲಿದಿತ್ತು.

"ಇನ್ನೂ ಪರೀಕ್ಷೆ ಮಾಡೋ ಔಷಧಿ, ಏನಾಗ್ತದೋ ಪೂರ್ತಿ ಗೊತ್ತಿಲ್ಲ ಅಂತ ನೀವೇ ಹೇಳಿದ್ರಲ್ಲಮ್ಮ" ಎಂದು ಆಕೆ ಪದ್ಮಶ್ರೀಗೆ ಹೇಳಿದಳು. "ಉಪ್ಪು ನೋಡ್ದೆ ಸಾರು ಬಡ್ಸಿದೋಳಲ್ಲ ನಾನು. ದಿನಾ ಬೆಳಿಗ್ಗೆ ನಾನೊಂದು ನುಂಗಿ, ಸ್ವಲ್ಪ ಹೊತ್ತು ನೋಡಿ, ಆಮೇಲೆ ಡಬ್ಬಿ ಮಗಳ ಕೈಗೆ ಕೊಡ್ತಿದ್ದೆ."

ಪದ್ಮಶ್ರೀ ಕೂಡಲೇ ಡಾಕ್ಟರಿಗೆ ಫೋನ್ ಮಾಡಿದಳು. ರೋಗಿಯ ಮಾತ್ರೆ ತಪ್ಪಿಲ್ಲವಾದ್ದರಿಂದ ಅವನು ಪ್ರಯೋಗದಲ್ಲೇ ಇರಬಹುದು, ಆದರೆ ಹೆಂಡತಿಯನ್ನು ಈಗಲೇ ತಪಾಸಣೆಗೆ ಕರೆತರಬೇಕು ಎಂದರು ಅವರು.

ಮುನಿಕೃಷ್ಣಪ್ಪ ಗೋಡೆಗೊರಗಿ ಅಳುತ್ತಿದ್ದ. "ಲೇ, ನಿಂಗೇನಾದ್ರೂ ಆಗಿದ್ರೆ?"

"ಆಗಿದ್ರೆ, ನೀವು ಅದನ್ನ ನುಂಗ್ತಿರ್ಲಿಲ್ಲ" ಎಂದಳು ಮುನಿಶಾಮಮ್ಮ.